ಕಪ್ಪು ಪ್ಲಾಸ್ಟಿಕ್ ಮೇಲೆ ಬಿಳಿ ಗೀರು: ಮೊದಲು ನೀರು ಹಾಕಿ ನೋಡಿ

ಓದುಗರ ಪ್ರಶ್ನೆ: ನಮ್ಮ ಮನೆ ಪುತ್ತೂರು ಹತ್ತಿರದ ಹಳ್ಳಿಯಲ್ಲಿದೆ. ನಾಲ್ಕು ವರ್ಷದ ಹಿಂದೆ ಕೊಂಡ ಸಣ್ಣ ಎಸ್‌ಯುವಿ ಇದೆ. ಬಿಳಿ ಗಾಡಿ, ಚಕ್ರದ ಸುತ್ತ ಮತ್ತು ಬಾಗಿಲ ಕೆಳಗೆ ಕಪ್ಪು ಪ್ಲಾಸ್ಟಿಕ್. ಕಳೆದ ತಿಂಗಳು ಓಣಿಯಲ್ಲಿ ಎದುರು ಬಂದ ಪಿಕಪ್‌ಗೆ ಜಾಗ ಕೊಡಲು ಹೋದಾಗ ಎಡಗಡೆಯ ಹಿಂದಿನ ಚಕ್ರದ ಮೇಲಿನ ಪ್ಲಾಸ್ಟಿಕ್ ಚಿರೆಕಲ್ಲಿನ ಗೋಡೆಗೆ ಉಜ್ಜಿತು. ಒಂದು ಗೇಣು ಉದ್ದದ ಬಿಳಿ ಗೀರು ಬಿದ್ದಿದೆ. ಹಿಂದಿನ ಬಂಪರ್ ಮೂಲೆಗೆ ಯಾರೋ ಸ್ಕೂಟರ್ ತಾಗಿಸಿ ಇನ್ನೊಂದು ಬಿಳಿ ಗೆರೆ ಮೂಡಿದೆ. ಬಾಗಿಲ ಕೆಳಗೆ ಬೇಲಿ ಗಿಡಗಳು ಉಜ್ಜಿ ಸಣ್ಣ ಸಣ್ಣ ಗೀರುಗಳಿವೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದೆ, ಇನ್ನೂ ಬೆಳ್ಳಗಾಯಿತು. ಮೆಕ್ಯಾನಿಕ್ ಡೀಸೆಲ್ ಹಚ್ಚಿ ಅಂತಾರೆ. ಮಗ ಹೀಟ್ ಗನ್ ವಿಡಿಯೋ ತೋರಿಸುತ್ತಾನೆ. ಒಬ್ಬ ಪೇಂಟರ್ ಕಪ್ಪು ಪೇಂಟ್ ಹೊಡೆದುಕೊಡುತ್ತೇನೆ ಎಂದರು. ಸರ್ವಿಸ್ ಸೆಂಟರ್‌ನವರು ಇಡೀ ಭಾಗ ಬದಲಾಯಿಸಿ, ಇನ್ಶೂರೆನ್ಸ್‌ನಲ್ಲಿ ಮಾಡಿಸಿ ಎನ್ನುತ್ತಾರೆ. ಒಳಗೆ ಗೇರ್ ಸುತ್ತಲಿನ ಹೊಳೆಯುವ ಕಪ್ಪು ಪ್ಲಾಸ್ಟಿಕ್ ತುಂಬಾ ಕೂದಲೆಳೆಯಂಥ ಗೆರೆಗಳಿವೆ. ಯಾರ ಮಾತು ಕೇಳಲಿ? ಹಾಗೇ ಬಿಟ್ಟರೆ ತುಕ್ಕು ಹಿಡಿಯುತ್ತದೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದದ್ದೆಲ್ಲ ಅಂದದ ವಿಷಯ, ಇದೊಂದು ಮಾತ್ರ ಗಾಡಿಯ ಆಯಸ್ಸಿನ ವಿಷಯ. ಪ್ಲಾಸ್ಟಿಕ್‌ಗೆ ತುಕ್ಕು ಹಿಡಿಯುವುದಿಲ್ಲ. ಗೀರು ಎಷ್ಟೇ ಆಳವಿರಲಿ, ಎಷ್ಟೇ ಮಳೆ ಸುರಿಯಲಿ, ತಗಡಿನ ಗೀರಿನ ಹಾಗೆ ಅದು ಹಬ್ಬುವುದಿಲ್ಲ. ಆದರೆ ಆ ಪ್ಲಾಸ್ಟಿಕ್‌ನ ಹಿಂದೆ ತಗಡು ಇದೆ. ಗೋಡೆಗೆ ಒತ್ತಿ ಉಜ್ಜಿದಾಗ ಪ್ಲಾಸ್ಟಿಕ್‌ನ ಅಂಚು ಬಾಡಿಯ ಪೇಂಟನ್ನು ಕೆರೆದಿರಬಹುದು. ಕ್ಲಿಪ್ ಕೂರುವ ತೂತಿನ ಸುತ್ತ ಪೇಂಟ್ ಒಡೆದಿರಬಹುದು. ಕ್ಲಿಪ್ ಮುರಿದು ಸಂದು ಬಿಟ್ಟಿದ್ದರೆ ಅಲ್ಲಿ ಕೆಸರು ಸೇರಿ ಒಣಗದೆ ಕೂರುತ್ತದೆ. ನಿಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಸರಿಯಾಗಿ ಒಣಗುವುದೇ ಕಷ್ಟ ಅಲ್ವಾ? ತುಕ್ಕು ಶುರುವಾಗುವುದು ಇಂಥ ಜಾಗದಲ್ಲೇ, ಅದೂ ಕಣ್ಣಿಗೆ ಬೀಳದ ಹಾಗೆ.

ಅದಕ್ಕೆ ಇವತ್ತೇ ಒಂದು ಕೆಲಸ ಮಾಡಿ. ಆ ಚಕ್ರದ ಮೇಲಿನ ಪ್ಲಾಸ್ಟಿಕ್ಕನ್ನು ಅಂಚಿನುದ್ದಕ್ಕೂ ಬೆರಳಿನಿಂದ ಒತ್ತುತ್ತಾ ಹೋಗಿ. ಎಲ್ಲಾದರೂ ಲಟಕ್ ಎಂದು ಒಳಗೆ ಹೋಗಿ ಹೊರಗೆ ಬಂದರೆ ಅಲ್ಲಿ ಕ್ಲಿಪ್ ಹೋಗಿದೆ. ಬಲಗಡೆಯ ಪ್ಲಾಸ್ಟಿಕ್ ಜೊತೆ ಹೋಲಿಸಿ ನೋಡಿ, ಸಂದು ಎರಡೂ ಕಡೆ ಒಂದೇ ಸಮ ಇರಬೇಕು. ಅಂಚಿನ ಬಳಿ ಬಿಳಿ ಪೇಂಟ್ ಕಿತ್ತು ಬೂದು ಬಣ್ಣವೋ ಲೋಹವೋ ಕಂಡರೆ ಮೊದಲು ಅದಕ್ಕೆ ಟಚ್‌ಅಪ್ ಮಾಡಿಸಿ. ಕ್ಲಿಪ್ ಸಣ್ಣ ಖರ್ಚಿನ ವಸ್ತು, ಬಿಡಿಭಾಗದ ಅಂಗಡಿಯಲ್ಲಿ ಬಿಡಿಯಾಗಿಯೇ ಸಿಗುತ್ತದೆ. ಇದೆಲ್ಲ ಸರಿಯಿದ್ದರೆ ನಿಶ್ಚಿಂತೆಯಿಂದಿರಿ. ಇನ್ನು ಉಳಿಯುವುದು ಕಣ್ಣಿಗೆ ಕಾಣುವ ತೊಂದರೆ ಮಾತ್ರ.

ನೀವು ಮೂರು ಕಡೆ ಬಿಳಿ ಗೆರೆ ಇದೆ ಎಂದು ಬರೆದಿದ್ದೀರಿ. ಟೂತ್‌ಪೇಸ್ಟ್ ಬಿಟ್ಟ ಗುರುತೂ ಸೇರಿ ಅದು ನಾಲ್ಕಾಯಿತು. ನೋಡಲು ಎಲ್ಲವೂ ಬಿಳಿಯೇ, ಆದರೆ ನಾಲ್ಕೂ ಬೇರೆ ಬೇರೆ. ನಮ್ಮ ಕೆಲಸದಲ್ಲಿ ಜಾಸ್ತಿ ಹಾಳಾಗಿ ಬರುವ ಪ್ಲಾಸ್ಟಿಕ್ ಗೋಡೆಗೆ ತಾಗಿದ್ದಲ್ಲ. ತಾಗಿದ ಮೇಲೆ ಮನೆಯಲ್ಲಿ ಏನೇನೋ ಹಚ್ಚಿ ಉಜ್ಜಿದ್ದು. ಅದಕ್ಕೇ ಕೈ ಹಾಕುವ ಮುಂಚೆ ಆ ಬಿಳಿ ಏನು ಎಂದು ತಿಳಿದುಕೊಳ್ಳಬೇಕು.

ಕಪ್ಪು ಬಣ್ಣ ಎಲ್ಲೂ ಹೋಗಿಲ್ಲ

ಚಕ್ರದ ಸುತ್ತಲಿನ ಮತ್ತು ಬಾಗಿಲ ಕೆಳಗಿನ ಈ ಒರಟು ಪ್ಲಾಸ್ಟಿಕ್ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್, ಚಿಕ್ಕದಾಗಿ ಪಿಪಿ. ಬಕೆಟ್, ಊಟದ ಡಬ್ಬಿಗೆ ಬಳಸುವ ಅದೇ ಜಾತಿ. ಏಟಿಗೆ ಒಡೆಯದೆ ಬಾಗಲಿ ಎಂದು ಇದಕ್ಕೆ ಇಪಿಡಿಎಂ ಎಂಬ ರಬ್ಬರ್ ಬೆರೆಸುತ್ತಾರೆ. ಬಿಸಿಲಿಗೆ ಸೊಟ್ಟಗಾಗದೆ ಗಟ್ಟಿಯಾಗಿ ನಿಲ್ಲಲಿ ಎಂದು ಟಾಲ್ಕ್ ಪುಡಿ ಸೇರಿಸುತ್ತಾರೆ. ಟಾಲ್ಕ್ ಎಂದರೆ ಪೌಡರ್ ಡಬ್ಬಿಯಲ್ಲಿ ಇರುತ್ತಿದ್ದ ಅದೇ ಬಿಳಿ ಖನಿಜ. ಬಿಚ್ಚಿದ ಭಾಗದ ಹಿಂಬದಿಯಲ್ಲಿ ‘ಪಿಪಿ ಪ್ಲಸ್ ಇಪಿಡಿಎಂ, ಟಿಡಿ 20’ ಎಂಬಂಥ ಗುರುತು ಅಚ್ಚಾಗಿರುತ್ತದೆ. ಆ ಟಿಡಿ 20 ಎಂದರೆ ನೂರಕ್ಕೆ 20 ಪಾಲು ಟಾಲ್ಕ್. ಕಪ್ಪು ಬಣ್ಣ ಬರುವುದು ಕಾರ್ಬನ್ ಬ್ಲ್ಯಾಕ್ ಎಂಬ ಮಸಿಯಂಥ ಪುಡಿಯಿಂದ. ಅದನ್ನು ಪ್ಲಾಸ್ಟಿಕ್ ಕರಗಿರುವಾಗಲೇ ಬೆರೆಸಿರುತ್ತಾರೆ.

ಅಂದರೆ ಇದು ಮೇಲೆ ಬಳಿದ ಕಪ್ಪಲ್ಲ, ಒಳಗಿನವರೆಗೂ ಕಪ್ಪೇ. ಹಾಗಿದ್ದರೆ ಗೀರು ಬೆಳ್ಳಗೆ ಯಾಕೆ ಕಾಣುತ್ತದೆ? ಬೆಲ್ಲದ ಅಚ್ಚಿನ ಮೇಲೆ ಉಗುರಿನಿಂದ ಗೀರಿ ನೋಡಿ. ಗೆರೆ ತೆಳು ಬಣ್ಣದಲ್ಲಿ ಮೂಡುತ್ತದೆ, ಹಾಗಂತ ಒಳಗಿನ ಬೆಲ್ಲ ಬೇರೆ ಬಣ್ಣದ್ದಲ್ಲ. ಇಲ್ಲೂ ಅದೇ ಆಗಿರುವುದು. ಗೀರು ಬಿದ್ದ ಕಡೆ ಮೇಲ್ಮೈ ಹರಿದು ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಎದ್ದಿರುತ್ತವೆ, ಟಾಲ್ಕ್ ಕಣಗಳು ಹೊರಗೆ ಬಂದಿರುತ್ತವೆ. ಬೆಳಕು ಅವಕ್ಕೆ ಬಡಿದು ಎಲ್ಲ ದಿಕ್ಕಿಗೂ ಚದುರುತ್ತದೆ. ಹಾಗೆ ಚದುರಿದ ಬೆಳಕನ್ನೇ ನಾವು ಬಿಳಿ ಗೆರೆ ಅಂತ ನೋಡುತ್ತೇವೆ.

ಇನ್ನೊಂದು ವಿಷಯವಿದೆ. ಆ ಪ್ಲಾಸ್ಟಿಕ್ ಮೇಲೆ ಚರ್ಮದ ಸುಕ್ಕಿನಂಥ ಸಣ್ಣ ಒರಟು ವಿನ್ಯಾಸವಿದೆಯಲ್ಲ, ಅದು ಅಚ್ಚಿನಿಂದ ಬಂದದ್ದು. ಕಾರ್ಖಾನೆಯಲ್ಲಿ ಉಕ್ಕಿನ ಅಚ್ಚಿನ ಒಳಮೈಯಲ್ಲಿ ಅದನ್ನು ಕೊರೆದಿರುತ್ತಾರೆ. ಅದು ಸವೆದರೆ ಮತ್ತೆ ತರುವುದು ಸುಲಭವಲ್ಲ. ಪೇಂಟ್ ಇರುವ ಬಾಡಿಯ ಮೇಲೆ ಕಾಂಪೌಂಡ್ ಎಂಬ ಉಜ್ಜುವ ಪೇಸ್ಟ್ ಹಾಕಿ ಉಜ್ಜಿದರೆ ಗೀರಿನ ಸುತ್ತಲಿನ ಪದರ ಸಮತಟ್ಟಾಗಿ ಗೀರು ಮಾಯವಾಗುತ್ತದೆ. ಇಲ್ಲಿ ಹಾಗೇ ಮಾಡಿದರೆ ಗೀರಿನ ಜೊತೆ ವಿನ್ಯಾಸವೂ ಸವೆದು ನುಣ್ಣನೆಯ ಮಚ್ಚೆ ಉಳಿಯುತ್ತದೆ. ಗೀರಿಗಿಂತ ಅದು ಜಾಸ್ತಿ ಎದ್ದು ಕಾಣುತ್ತದೆ. ಎಮರಿ ಪೇಪರ್, ಪಾತ್ರೆ ತಿಕ್ಕುವ ಹಸಿರು ನಾರು, ರಬ್ಬಿಂಗ್ ಮೆಷಿನ್ ಇವನ್ನು ಈ ಪ್ಲಾಸ್ಟಿಕ್ ಹತ್ತಿರ ತರಲೇಬೇಡಿ.

ನೀರಿನ ಪರೀಕ್ಷೆ

ಗಾಡಿಯನ್ನು ನೆರಳಲ್ಲಿ ನಿಲ್ಲಿಸಿ. ಪ್ಲಾಸ್ಟಿಕ್ ತಣ್ಣಗಾಗಲಿ. ಮೊದಲು ಪೈಪಿನ ನೀರು ಬಿಟ್ಟು ಧೂಳು ಇಳಿಸಿ. ನಿಮ್ಮ ಗೀರಿನಲ್ಲಿ ಚಿರೆಕಲ್ಲಿನ ಕೆಂಪು ಪುಡಿ ಖಂಡಿತ ಕೂತಿರುತ್ತದೆ. ಆ ಪುಡಿಯಲ್ಲಿ ಗಟ್ಟಿ ಮರಳು ಕಣಗಳು ಇರುತ್ತವೆ. ಒಣ ಬಟ್ಟೆಯಲ್ಲಿ ಒರೆಸಿದರೆ ಇನ್ನಷ್ಟು ಗೀರು ನೀವೇ ಹಾಕಿದ ಹಾಗಾಗುತ್ತದೆ. ನೀರಿನಲ್ಲಿ ಸ್ವಲ್ಪ ಕಾರ್ ಶಾಂಪೂ ಕಲಸಿ, ಮೆತ್ತನೆಯ ಬ್ರಷ್‌ನಿಂದ ಎಲ್ಲ ದಿಕ್ಕಿಗೂ ತಿರುಗಿಸುತ್ತಾ ತಿಕ್ಕಿ, ತೊಳೆದು, ಪೂರ್ತಿ ಒಣಗಲು ಬಿಡಿ. ಆಮೇಲೆ ಗೀರಿನ ಮೇಲೆ ಬೆರಳಿನಿಂದ ನೀರು ಸವರಿ ನೋಡಿ.

ಒದ್ದೆಯಾದಾಗ ಗೀರು ಮಾಯವಾಗಿ, ಒಣಗಿದಾಗ ಮತ್ತೆ ಕಂಡರೆ ಅದು ಬರೀ ಮೇಲಿನ ತರಚು. ನೀರು ಆ ಸಣ್ಣ ಉಬ್ಬುತಗ್ಗುಗಳನ್ನು ತುಂಬಿದ್ದರಿಂದ ಬೆಳಕು ಚದುರುವುದು ನಿಂತಿತು. ನೀರು ಮಾಡಿದ ಈ ಕೆಲಸವನ್ನು ಒಣಗಿ ಹೋಗದ ಇನ್ನೊಂದು ಪದಾರ್ಥ ಮಾಡಬಲ್ಲದು. ಬೇಲಿ ಗಿಡಗಳು ಮಾಡಿದ ಗೀರುಗಳು ಬಹುಪಾಲು ಈ ಗುಂಪಿನವೇ ಆಗಿರುತ್ತವೆ.

ಒದ್ದೆ ಮಾಡಿದರೂ ಬೆಳ್ಳಗೇ ಇದ್ದು, ಉಗುರಿನಿಂದ ಸವರಿದಾಗ ಗೆರೆ ಮೇಲಕ್ಕೆ ಉಬ್ಬಿದಂತೆ ತಾಗಿದರೆ ಅದು ಗೀರೇ ಅಲ್ಲ. ಬೇರೆ ಗಾಡಿಯ ಪೇಂಟ್ ನಿಮ್ಮ ಪ್ಲಾಸ್ಟಿಕ್‌ಗೆ ಅಂಟಿಕೊಂಡಿದೆ ಅಷ್ಟೇ. ಸ್ಕೂಟರ್ ಗೆರೆ ಹೀಗಿರುವ ಸಾಧ್ಯತೆ ಜಾಸ್ತಿ. ಇದು ಒಳ್ಳೆಯ ಸುದ್ದಿ, ಯಾಕೆಂದರೆ ಅಂಟಿದ್ದನ್ನು ತೆಗೆಯಬಹುದು.

ಉಗುರು ತಗ್ಗಿಗೆ ಸಿಕ್ಕಿಕೊಂಡರೆ ಅಲ್ಲಿ ಪ್ಲಾಸ್ಟಿಕ್ ಕಿತ್ತುಹೋಗಿದೆ. ಗೋಡೆಗೆ ಉಜ್ಜಿದ ಜಾಗದಲ್ಲಿ ಸ್ವಲ್ಪ ಭಾಗವಾದರೂ ಹೀಗೆ ಇರುತ್ತದೆ. ಇದನ್ನು ಮರೆಮಾಚಬಹುದು, ಇಲ್ಲದ ಹಾಗೆ ಮಾಡಲು ಆಗುವುದಿಲ್ಲ. ಇನ್ನು ಮೇಲೆ ಏನೂ ತರಚಿಲ್ಲ, ಆದರೂ ಬಾಗಿದ ಕಡೆ ಮಂಜು ಕವಿದಂತೆ ಬೆಳ್ಳಗಿದೆ ಎಂದರೆ ಪ್ಲಾಸ್ಟಿಕ್ ಒಳಗೊಳಗೇ ಎಳೆದುಕೊಂಡು ಸಣ್ಣ ಪೊಳ್ಳುಗಳಾಗಿವೆ ಎಂದರ್ಥ. ನೀರು, ಎಣ್ಣೆ ಯಾವುದೂ ಅದನ್ನು ಅಡಗಿಸುವುದಿಲ್ಲ. ಅದಕ್ಕೆ ಶಾಖ ಬೇಕು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಟೂತ್‌ಪೇಸ್ಟ್, ಡೀಸೆಲ್, ಎಣ್ಣೆ, ಶೂ ಪಾಲಿಶ್

ಟೂತ್‌ಪೇಸ್ಟ್‌ನಲ್ಲಿ ಇರುವುದು ಉಜ್ಜುವ ನುಣುಪು ಪುಡಿ. ಸುಣ್ಣದ ಜಾತಿಯ ಕ್ಯಾಲ್ಸಿಯಂ ಕಾರ್ಬೊನೇಟ್ ಅಥವಾ ಸಿಲಿಕಾ. ಪೇಂಟಿನ ಮೇಲಿನ ಸಣ್ಣ ಗೆರೆಗೆ ಅದು ಚೂರು ಕೆಲಸ ಮಾಡಿದಂತೆ ಕಾಣುತ್ತದೆ, ಅದನ್ನು ನೋಡಿ ಜನ ಎಲ್ಲದಕ್ಕೂ ಹಚ್ಚುತ್ತಾರೆ. ಒರಟು ಪ್ಲಾಸ್ಟಿಕ್‌ನಲ್ಲಿ ಆ ಬಿಳಿ ಪುಡಿ ಸಂದುಗಳಲ್ಲಿ ಒಣಗಿ ಕೂರುತ್ತದೆ. ನಿಮ್ಮದು ಇನ್ನೂ ಬೆಳ್ಳಗಾದದ್ದು ಹಾಗೇ. ಗಾಬರಿ ಬೇಡ. ಉಗುರು ಬೆಚ್ಚಗಿನ ಸೋಪಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದರೆ ಹೋಗುತ್ತದೆ. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೊಮ್ಮೆ ಮಾಡಿ. ಪಾಲಿಶ್ ಮಾಡಿಸಿಕೊಂಡು ಬಂದ ಗಾಡಿಗಳ ಕಪ್ಪು ಪ್ಲಾಸ್ಟಿಕ್ ಅಂಚಿನಲ್ಲಿ ಬಿಳಿ ಬಿಳಿ ಕಾಣುವುದೂ ಇದೇ ರೀತಿ ಒಣಗಿದ ಕಾಂಪೌಂಡ್.

ಡೀಸೆಲ್ ವಿಷಯದಲ್ಲಿ ನಿಮ್ಮ ಮೆಕ್ಯಾನಿಕ್ ಸುಳ್ಳು ಹೇಳಿಲ್ಲ. ಹಚ್ಚಿದ ಕೂಡಲೇ ಕಪ್ಪಗೆ ಮಿಂಚುತ್ತದೆ. ನೀರು ಹಚ್ಚಿದಾಗಲೂ ಮಿಂಚಿತ್ತಲ್ಲ, ಅದೇ ಕಾರಣ. ಡೀಸೆಲ್ ನಿಧಾನವಾಗಿ ಆರುವುದರಿಂದ ಸ್ವಲ್ಪ ದಿನ ಜಾಸ್ತಿ ಉಳಿಯುತ್ತದೆ. ತೊಂದರೆ ಇರುವುದು ಬೇರೆ ಕಡೆ. ಇಪಿಡಿಎಂ ರಬ್ಬರ್ ಬಿಸಿಲು ಮಳೆಗೆ ಎಷ್ಟು ಗಟ್ಟಿಯೋ, ಪೆಟ್ರೋಲಿಯಂ ಎಣ್ಣೆಗೆ ಅಷ್ಟೇ ಮೆದು. ಡೀಸೆಲ್, ಸೀಮೆಎಣ್ಣೆ, ಎಂಜಿನ್ ಆಯಿಲ್ ತಾಗಿದರೆ ಅದು ಹೀರಿಕೊಂಡು ಉಬ್ಬುತ್ತದೆ. ಪ್ಲಾಸ್ಟಿಕ್‌ನಲ್ಲಿ ಬೆರೆತಿರುವ ಪ್ರಮಾಣ ಕಡಿಮೆ, ಅಲ್ಲಿ ತಕ್ಷಣ ಏನೂ ಕಾಣದು. ಆದರೆ ಬಾಗಿಲ ಸುತ್ತ ನೀರು ತಡೆಯುವ ರಬ್ಬರ್ ಪಟ್ಟಿ ಬಹುತೇಕ ಗಾಡಿಗಳಲ್ಲಿ ಇಪಿಡಿಎಂನದ್ದೇ. ಬಾಗಿಲ ಕೆಳಗೆ ಹಚ್ಚುವಾಗ ಬಟ್ಟೆ ಅದಕ್ಕೆ ತಾಗದೆ ಇರುವುದಿಲ್ಲ. ಆ ಪಟ್ಟಿ ಉಬ್ಬಿ ಸಡಿಲವಾದರೆ ಮಳೆನೀರು ಒಳಗೆ ಬರುತ್ತದೆ. ಒಂದು ಗೀರು ಮುಚ್ಚಲು ಹೋಗಿ ಅಷ್ಟು ದೊಡ್ಡ ತಲೆನೋವು ಯಾಕೆ?

ತೆಂಗಿನೆಣ್ಣೆ ಹಾನಿ ಮಾಡುವುದಿಲ್ಲ. ಆದರೆ ಎರಡು ಮಳೆಗೆ ಹೋಗುತ್ತದೆ, ಅಷ್ಟರಲ್ಲಿ ಊರಿನ ಕೆಂಪು ಧೂಳನ್ನೆಲ್ಲ ಅಂಟಿಸಿಕೊಳ್ಳುತ್ತದೆ. ಕಪ್ಪು ಶೂ ಪಾಲಿಶ್ ಗೀರನ್ನು ಚೆನ್ನಾಗಿಯೇ ಮುಚ್ಚುತ್ತದೆ. ಆದರೆ ಗಾಡಿ ಹತ್ತಿ ಇಳಿಯುವಾಗ ಪಂಚೆಗೂ ಸೀರೆಗೂ ಮೆತ್ತುತ್ತದೆ. ಥಿನ್ನರ್ ಮತ್ತು ಪೆಟ್ರೋಲನ್ನು ಪೂರ್ತಿ ದೂರವಿಡಿ. ಒರಟು ಪ್ಲಾಸ್ಟಿಕ್ ತಡೆದುಕೊಂಡೀತು, ಪಕ್ಕದ ಪೇಂಟ್ ತಡೆಯುವುದಿಲ್ಲ. ಗೇರ್ ಸುತ್ತ ಇರುವಂಥ, ಎಬಿಎಸ್ ಎಂಬ ಜಾತಿಯ ಹೊಳೆಯುವ ಪ್ಲಾಸ್ಟಿಕ್ ಕರಗುತ್ತದೆ, ಹೆಡ್‌ಲೈಟ್‌ನ ಪಾಲಿಕಾರ್ಬೊನೇಟ್ ಗಾಜಿನಲ್ಲಿ ಸಣ್ಣ ಬಿರುಕುಗಳು ಹರಡುತ್ತವೆ.

ಹೀಟ್ ಗನ್

ನಿಮ್ಮ ಮಗ ತೋರಿಸಿದ ವಿಡಿಯೋ ಸುಳ್ಳಲ್ಲ. ಬೂದು ಬಣ್ಣಕ್ಕೆ ತಿರುಗಿದ ಬಂಪರ್ ಮೇಲೆ ಬಿಸಿಗಾಳಿ ಬಿಟ್ಟರೆ ಕಣ್ಣೆದುರೇ ಕಪ್ಪಾಗುತ್ತದೆ. ಮೇಲೆದ್ದ ಸಣ್ಣ ಎಳೆಗಳು ಕರಗಿ ಮಲಗುತ್ತವೆ, ಎಳೆದುಕೊಂಡು ಬೆಳ್ಳಗಾದ ಕಡೆ ಪ್ಲಾಸ್ಟಿಕ್ ಸಡಿಲಗೊಂಡು ಬಣ್ಣ ಮರಳುತ್ತದೆ. ವಿಡಿಯೋ ಅಲ್ಲಿಗೇ ಮುಗಿಯುತ್ತದೆ. ಆಮೇಲೆ ಆಗುವುದನ್ನು ನಾವು ನೋಡುತ್ತೇವೆ.

ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕರಗುತ್ತದೆ. ಹೀಟ್ ಗನ್‌ನ ಗಾಳಿ ಜಾಸ್ತಿ ಶಾಖದಲ್ಲಿಟ್ಟರೆ 500 ಡಿಗ್ರಿಗೂ ಮೇಲೆ ಹೋಗುತ್ತದೆ. ಕೈ ಒಂದು ಕ್ಷಣ ಒಂದೇ ಕಡೆ ನಿಂತರೆ ಸಾಕು, ಅಲ್ಲಿನ ವಿನ್ಯಾಸ ಕರಗಿ ಹೊಳೆಯುವ ಮಚ್ಚೆಯಾಗುತ್ತದೆ. ಅದನ್ನು ವಾಪಸ್ ತರುವುದು ಬಹಳ ಕಷ್ಟ. ಇನ್ನೂ ಸ್ವಲ್ಪ ಹೊತ್ತಾದರೆ ಅಂಚು ಸೊಟ್ಟಗಾಗುತ್ತದೆ. ಚಕ್ರದ ಮೇಲಿನ ಭಾಗ ಹಲವು ಗಾಡಿಗಳಲ್ಲಿ ಕ್ಲಿಪ್ ಜೊತೆ ಡಬಲ್ ಟೇಪ್‌ನಿಂದಲೂ ನಿಂತಿರುತ್ತದೆ, ಆ ಟೇಪ್ ಬಿಟ್ಟುಕೊಳ್ಳುತ್ತದೆ. ಪಕ್ಕದಲ್ಲೇ ನಿಮ್ಮ ಬಿಳಿ ಪೇಂಟ್ ಇದೆ. ಡೀಸೆಲ್ಲೋ ಪೆಟ್ರೋಲೋ ಹಚ್ಚಿದ ಮೇಲೆ ಹೀಟ್ ಗನ್ ಹಿಡಿದರಂತೂ ಬೆಂಕಿಯ ಅಪಾಯವೇ ಇದೆ.

ಇದಕ್ಕಿಂತ ಮುಖ್ಯವಾದದ್ದು, ಆಳದ ಗೀರಿಗೆ ಹೀಟ್ ಗನ್ ಏನೂ ಮಾಡುವುದಿಲ್ಲ. ಕಿತ್ತುಹೋದ ಪ್ಲಾಸ್ಟಿಕ್ ಶಾಖ ಕೊಟ್ಟರೆ ಬರುವುದಿಲ್ಲ ಅಲ್ವಾ? ಬಿಸಿಲಿಗೆ ಬೂದಾದ ಪ್ಲಾಸ್ಟಿಕ್ ಕೂಡ ಕೆಲವು ತಿಂಗಳಲ್ಲಿ ಮತ್ತೆ ಬೂದಾಗುತ್ತದೆ. ಅದಕ್ಕೆ ನಿಮ್ಮ ಗಾಡಿಗೆ ನಾನು ಇದನ್ನು ಬೇಡ ಎನ್ನುತ್ತೇನೆ. ಬಾಗಿ ಬೆಳ್ಳಗಾದ ಜಾಗ ಮಾತ್ರ ಇದ್ದರೆ, ಕುದಿಯುವ ನೀರನ್ನು ಬಟ್ಟೆಯ ಮೇಲೆ ಸುರಿದು ಆ ಬಟ್ಟೆಯನ್ನು ಅಲ್ಲಿ ಒತ್ತಿ ಹಿಡಿದು ನೋಡಿ. ದಪ್ಪ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ನೀರು 100 ಡಿಗ್ರಿ ದಾಟುವುದಿಲ್ಲವಾದ್ದರಿಂದ ಪ್ಲಾಸ್ಟಿಕ್ ಕರಗುವ ಭಯವಿಲ್ಲ. ಬಿಳುಪು ಪೂರ್ತಿ ಹೋಗದಿದ್ದರೂ ತಗ್ಗಬಹುದು.

ಹಾಗಾದರೆ ಏನು ಮಾಡಬೇಕು

ಸ್ಕೂಟರ್ ಗೆರೆಯಿಂದ ಶುರು ಮಾಡಿ, ಅದು ಸುಲಭದ್ದು. ಐಸೊಪ್ರೊಪೈಲ್ ಆಲ್ಕೋಹಾಲ್ ಎಂಬ ಒರೆಸುವ ಸ್ಪಿರಿಟ್ ಸಿಗುತ್ತದಲ್ಲ, ಅದನ್ನು ಮೆತ್ತನೆಯ ಬಟ್ಟೆಗೆ ಹಾಕಿ ಗೆರೆಯ ಮೇಲೆ ಮಾತ್ರ ಒರೆಸಿ. ಹೋಗದಿದ್ದರೆ ಮೆಲಮೈನ್ ಸ್ಪಂಜ್ ತನ್ನಿ. ಗೋಡೆ ಮೇಲಿನ ಮಕ್ಕಳ ಗೀಚು ಅಳಿಸಲು ಮ್ಯಾಜಿಕ್ ಸ್ಪಂಜ್ ಎಂದು ಮಾರುವ ಬಿಳಿ ತುಂಡು ಅದು. ಒದ್ದೆ ಮಾಡಿ, ಭಾರ ಹಾಕದೆ ನಾಲ್ಕೈದು ಸಲ ಸವರಿ, ತೊಳೆದು ನೋಡಿ. ನೋಡಲು ಮೆತ್ತಗಿದ್ದರೂ ಅದು ಬಹಳ ಸಣ್ಣ ಎಮರಿ ಪೇಪರ್ ಇದ್ದ ಹಾಗೆಯೇ ಉಜ್ಜುತ್ತದೆ. ಅದಕ್ಕೆ ಪೇಂಟಿನ ಮೇಲೆ, ಹೊಳೆಯುವ ಪ್ಲಾಸ್ಟಿಕ್ ಮೇಲೆ ಬೇಡ. ಬಂಪರ್‌ನಲ್ಲಿ ಪಾರ್ಕಿಂಗ್ ಸೆನ್ಸರ್ ಇದ್ದರೆ ಅದರ ಮೇಲೂ ಬೇಡ.

ಆಮೇಲೆ ಗೋಡೆಗೆ ಉಜ್ಜಿದ ಜಾಗ. ತೊಳೆದು ಒಣಗಿದ ಮೇಲೆ ಬೆಳಕಿಗೆ ಓರೆಯಾಗಿ ನೋಡಿ. ಗೀರಿನ ಅಂಚಿನಲ್ಲಿ ಪ್ಲಾಸ್ಟಿಕ್‌ನ ಸಣ್ಣ ಸಿಪ್ಪೆಗಳು ಎದ್ದು ನಿಂತಿರುತ್ತವೆ. ಕಾಣುವ ಬಿಳುಪಿನಲ್ಲಿ ದೊಡ್ಡ ಪಾಲು ಇವುಗಳದ್ದೇ. ಹೊಸ ಬ್ಲೇಡನ್ನು ಮೇಲ್ಮೈಗೆ ಹೆಚ್ಚುಕಡಿಮೆ ಮಲಗಿಸಿ ಹಿಡಿದು, ಎದ್ದಿರುವ ಸಿಪ್ಪೆಯನ್ನಷ್ಟೇ ಕೊಯ್ದು ತೆಗೆಯಿರಿ. ಎಳೆದು ಕೀಳಬೇಡಿ, ಕಿತ್ತರೆ ಇನ್ನಷ್ಟು ಉದ್ದಕ್ಕೆ ಹರಿಯುತ್ತದೆ. ಕೈ ನಡುಗುವವರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು. ಮುಗಿದ ಮೇಲೆ ಮತ್ತೆ ನೀರಿನ ಪರೀಕ್ಷೆ ಮಾಡಿ. ಮೊದಲಿಗಿಂತ ಜಾಸ್ತಿ ಭಾಗ ಒದ್ದೆಯಲ್ಲಿ ಮಾಯವಾಗುತ್ತದೆ.

ಈಗ ಹಚ್ಚುವ ಪದಾರ್ಥದ ಪ್ರಶ್ನೆ. ಅಂಗಡಿಯಲ್ಲಿ ನೂರೆಂಟು ಡಬ್ಬಿಗಳಿವೆ, ಒಳಗಿರುವುದು ಮೂರೇ ಜಾತಿ. ಒಂದು, ಸಿಲಿಕೋನ್ ಎಣ್ಣೆಯ ಡ್ರೆಸ್ಸಿಂಗ್. ಕಡಿಮೆ ಬೆಲೆ, ಹಚ್ಚುವುದು ಸುಲಭ, ಕೆಲವು ವಾರ ಇರುತ್ತದೆ. ನಿಮ್ಮ ಕಡೆಯ ಜುಲೈ ಮಳೆಗೆ ಅಷ್ಟೂ ಇರುವುದಿಲ್ಲ. ಹಚ್ಚಿದ್ದು ಜಾಸ್ತಿಯಾದರೆ ಮಳೆಯಲ್ಲಿ ಕೆಳಗೆ ಇಳಿದು ಗೆರೆ ಗೆರೆಯಾಗಿ ಕಾಣುತ್ತದೆ. ಎರಡನೆಯದು ಕಪ್ಪು ಬಣ್ಣ ಬೆರೆತ ಟ್ರಿಮ್ ರೆಸ್ಟೋರರ್. ಇದು ಸಂದುಗಳಲ್ಲಿ ಕಪ್ಪನ್ನು ಕೂರಿಸುತ್ತದೆ, ತಿಂಗಳುಗಟ್ಟಲೆ ನಿಲ್ಲುತ್ತದೆ. ಮೂರನೆಯದು ಸೆರಾಮಿಕ್ ಜಾತಿಯ ಟ್ರಿಮ್ ಕೋಟಿಂಗ್. ತೆಳುವಾಗಿ ಗಟ್ಟಿಯಾಗುತ್ತದೆ, ಜಾಸ್ತಿ ಬಾಳುತ್ತದೆ. ಆದರೆ ಕೆಳಗೆ ಬಿಳಿ ಉಳಿದಿದ್ದರೆ ಅದನ್ನೂ ಹಾಗೇ ಹಿಡಿದಿಡುತ್ತದೆ, ಆಮೇಲೆ ತೆಗೆಯುವುದು ಕಷ್ಟ.

ನಿಮ್ಮ ಗಾಡಿಗೆ ನಾನು ಎರಡನೆಯದನ್ನು ಆರಿಸುತ್ತೇನೆ. ನಾಲ್ಕು ವರ್ಷದ ಪ್ಲಾಸ್ಟಿಕ್ ಸ್ವಲ್ಪವಾದರೂ ಬಿಸಿಲಿಗೆ ಮಾಸಿರುತ್ತದೆ, ಅದಕ್ಕೂ ಇದು ಪರಿಹಾರ. ಹಚ್ಚುವಾಗ ಗೀರಿಗೆ ಮಾತ್ರ ಹಚ್ಚಬೇಡಿ. ಅಷ್ಟು ಜಾಗ ಮಾತ್ರ ಕಡುಕಪ್ಪಾಗಿ ಮಚ್ಚೆ ಹಾಗೆ ಕಾಣುತ್ತದೆ. ಒಂದು ಜೋಡಣೆಯಿಂದ ಇನ್ನೊಂದು ಜೋಡಣೆಯವರೆಗೆ ಇಡೀ ತುಂಡಿಗೆ ಹಚ್ಚಿ. ಎಡಗಡೆ ಮಾಡಿದ ಮೇಲೆ ಬಲಗಡೆ ಮಾಸಿದಂತೆ ಕಂಡರೆ ಅದಕ್ಕೂ ಹಚ್ಚಬೇಕಾದೀತು, ಅಷ್ಟು ಪದಾರ್ಥ ಇಟ್ಟುಕೊಳ್ಳಿ. ಮೊದಲು ಇದ್ದ ಎಣ್ಣೆಯಂಶವನ್ನೆಲ್ಲ ಆಲ್ಕೋಹಾಲಿನಿಂದ ಒರೆಸಿ ತೆಗೆಯದಿದ್ದರೆ ಬಣ್ಣ ಅಲ್ಲಲ್ಲಿ ಹಿಡಿಯುವುದಿಲ್ಲ. ಬಿಳಿ ಪೇಂಟಿನ ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿ. ಸ್ಪಂಜಿನಿಂದ ತೆಳುವಾಗಿ ಹಚ್ಚಿ, ಉಳಿದದ್ದನ್ನು ಒರೆಸಿ, ಒಂದು ದಿನವಾದರೂ ಮಳೆಗೂ ಇಬ್ಬನಿಗೂ ಸಿಗದ ಹಾಗೆ ಶೆಡ್ಡಿನಲ್ಲಿ ನಿಲ್ಲಿಸಿ. ಮಳೆಗಾಲದ ನಡುವೆ ಈ ಕೆಲಸ ಹಚ್ಚಿಕೊಳ್ಳಬೇಡಿ. ಅವಸರ ಏನೂ ಇಲ್ಲ.

ಇಷ್ಟು ಮಾಡಿದ ಮೇಲೂ ಆಳದ ಗೀರು ಹತ್ತಿರ ಬಂದು ನೋಡಿದರೆ ಕಾಣುತ್ತದೆ. ನಾಲ್ಕು ಹೆಜ್ಜೆ ದೂರದಿಂದ ಸಾಮಾನ್ಯವಾಗಿ ಕಾಣುವುದಿಲ್ಲ. ಗಾಡಿ ತಯಾರಿಸುವವರು ಅಲ್ಲಿ ಪೇಂಟ್ ಇಲ್ಲದ ಪ್ಲಾಸ್ಟಿಕ್ ಹಾಕಿರುವುದೇ ಕಲ್ಲು, ಕೆಸರು, ಗೋಡೆ ಏನೇ ತಾಗಿದರೂ ತಗಡಿಗೆ ಬರುವ ಮುಂಚೆ ತಾನು ತಿನ್ನಲಿ ಎಂದು. ನಿಮ್ಮ ಓಣಿಯಲ್ಲಿ ಅದು ಅದನ್ನೇ ಮಾಡಿದೆ. ಅದೇ ಜಾಗದಲ್ಲಿ ಪೇಂಟ್ ಮಾಡಿದ ತಗಡು ಇದ್ದಿದ್ದರೆ ಟಿಂಕರಿಂಗ್, ಪೇಂಟಿಂಗ್ ಎರಡೂ ಆಗಬೇಕಿತ್ತು.

ಪೇಂಟ್ ಮಾಡಿಸಲೇ, ಬದಲಾಯಿಸಲೇ?

ಪೇಂಟ್ ಬೇಡ ಎಂದೇ ಹೇಳುತ್ತೇನೆ. ಪಾಲಿಪ್ರೊಪಿಲೀನ್‌ಗೆ ಯಾವುದೂ ಸುಲಭವಾಗಿ ಅಂಟುವುದಿಲ್ಲ, ಅದರ ಗುಣವೇ ಅದು. ಕಾರ್ಖಾನೆಯಲ್ಲಿ ಪೇಂಟ್ ಮಾಡುವ ಬಂಪರ್‌ಗಳಿಗೆ ಬೆಂಕಿಯ ಜ್ವಾಲೆ ತಾಗಿಸಿಯೋ, ಅಂಟು ಹಿಡಿಸುವ ವಿಶೇಷ ಪ್ರೈಮರ್ ಹೊಡೆದೋ ಮೇಲ್ಮೈಯನ್ನು ಸಿದ್ಧ ಮಾಡುತ್ತಾರೆ. ರಸ್ತೆಬದಿಯಲ್ಲಿ ಸ್ಪ್ರೇ ಡಬ್ಬಿ ಹಿಡಿದು ಹೊಡೆದರೆ ಮೊದಲ ವಾರ ಚೆನ್ನಾಗಿರುತ್ತದೆ, ಆಮೇಲೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಹಳೆಯ ಸಿಲಿಕೋನ್ ಡ್ರೆಸ್ಸಿಂಗ್ ಉಳಿದಿದ್ದರೆ ಪೇಂಟ್ ಅಲ್ಲಿಂದ ಸರಿದು ಸಣ್ಣ ಸಣ್ಣ ಗುಂಡಿ ಬೀಳುತ್ತದೆ. ಒಮ್ಮೆ ಪೇಂಟ್ ಮಾಡಿದ ಮೇಲೆ ಅದನ್ನು ಪೂರ್ತಿ ತೆಗೆಯಲೂ ಆಗದು. ಮಾಡಿಸಲೇಬೇಕು ಎಂದಿದ್ದರೆ ಪೇಂಟರಿಗೆ ಒಂದೇ ಪ್ರಶ್ನೆ ಕೇಳಿ: ಪಿಪಿ ಪ್ಲಾಸ್ಟಿಕ್‌ಗೆ ಅಂತಲೇ ಇರುವ ಪ್ರೈಮರ್ ಹಾಕುತ್ತೀರಾ? ಉತ್ತರ ತಡವರಿಸಿದರೆ ಗಾಡಿ ತಿರುಗಿಸಿಕೊಂಡು ಬನ್ನಿ.

ಬದಲಾಯಿಸುವುದಕ್ಕೆ ಕಾರಣಗಳು ಬೇರೆ. ಪ್ಲಾಸ್ಟಿಕ್ ಬಿರುಕು ಬಿಟ್ಟಿದ್ದರೆ, ಕ್ಲಿಪ್ ಹಿಡಿಯುವ ಕಿವಿ ಮುರಿದಿದ್ದರೆ, ಅಂಚು ಟೈರಿಗೆ ತಾಗುತ್ತಿದ್ದರೆ, ಕೈಗೆ ಚುಚ್ಚುವ ಹಾಗೆ ಹರಿದಿದ್ದರೆ ಬದಲಾಯಿಸಿ. ಬರೀ ಗೀರಿಗೆ ಬೇಡ.

ಇನ್ಶೂರೆನ್ಸ್ ಲೆಕ್ಕವನ್ನೂ ನೋಡಿ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಶೇ 50 ಸವಕಳಿ ಕಳೆಯುತ್ತಾರೆ. 1,500 ಸಿಸಿವರೆಗಿನ ಕಾರಿಗೆ ಮೊದಲ 1,000 ರೂಪಾಯಿ ನೀವೇ ಕೊಡಬೇಕು. ಆ ಭಾಗದ ಬೆಲೆ 5,000 ರೂಪಾಯಿ ಎಂದಿಟ್ಟುಕೊಳ್ಳಿ. ಸವಕಳಿ 2,500, ನಿಮ್ಮ ಪಾಲು 1,000, ಕಂಪನಿ ಕೊಡುವುದು 1,500 ಮತ್ತು ಕೂಲಿ. ಅತ್ತ ನಾಲ್ಕು ವರ್ಷ ಕ್ಲೇಮ್ ಮಾಡದಿದ್ದರೆ ನೋ ಕ್ಲೇಮ್ ಬೋನಸ್ ಶೇ 45ಕ್ಕೆ ಬಂದಿರುತ್ತದೆ. ಓನ್ ಡ್ಯಾಮೇಜ್ ಪ್ರೀಮಿಯಂ, ಅಂದರೆ ನಿಮ್ಮದೇ ಗಾಡಿಯ ಹಾನಿಗೆಂದು ಕಟ್ಟುವ ಪಾಲು, 8,000 ಇದ್ದರೆ ಅದರಲ್ಲಿ 3,600 ರೂಪಾಯಿ ರಿಯಾಯಿತಿ. ಈ ಒಂದು ಕ್ಲೇಮ್‌ಗೆ ಅದು ಸೊನ್ನೆಯಾಗುತ್ತದೆ, ಮತ್ತೆ ಮೇಲೇರಲು ವರ್ಷಗಳು ಬೇಕು. ಝೀರೋ ಡೆಪ್ ಎಂಬ ಹೆಚ್ಚುವರಿ ರಕ್ಷಣೆ ಇದ್ದರೆ ಸವಕಳಿ ಕಳೆಯುವುದಿಲ್ಲ ನಿಜ, ಆದರೆ ಬೋನಸ್ ಆಗಲೂ ಹೋಗುತ್ತದೆ. ನಿಮ್ಮ ಪಾಲಿಸಿಯ ಅಂಕಿಗಳನ್ನು ಹಾಕಿ ಇದೇ ಲೆಕ್ಕ ಮಾಡಿ ನೋಡಿ. ಬದಲಾಯಿಸಲೇಬೇಕಾಗಿ ಬಂದರೂ ಕೈಯಿಂದ ಹಣ ಕೊಟ್ಟು ಮಾಡಿಸುವುದೇ ಲಾಭವಾದೀತು.

ಗೇರ್ ಸುತ್ತಲಿನ ಹೊಳೆಯುವ ಕಪ್ಪು

ಇದು ಪೂರ್ತಿ ಬೇರೆ ವಸ್ತು, ಮೇಲೆ ಹೇಳಿದ ಯಾವುದನ್ನೂ ಇದಕ್ಕೆ ಮಾಡಬೇಡಿ. ಪಿಯಾನೋ ಬ್ಲ್ಯಾಕ್ ಎಂದು ಕರೆಯುವ ಈ ಭಾಗ ಹೆಚ್ಚಾಗಿ ಎಬಿಎಸ್ ಜಾತಿಯ ಪ್ಲಾಸ್ಟಿಕ್, ಕೆಲವದರ ಮೇಲೆ ಹೊಳಪಿನ ಪದರವೂ ಇರುತ್ತದೆ. ಇಲ್ಲಿ ಒರಟು ವಿನ್ಯಾಸ ಇಲ್ಲ. ಹಾಗಾಗಿ ಪೇಂಟಿನ ಹಾಗೆ ಪಾಲಿಶ್ ಮಾಡಬಹುದು. ತುಂಬಾ ನುಣುಪಿನ ಫಿನಿಶಿಂಗ್ ಪಾಲಿಶ್ ಚೂರೇ ತೆಗೆದುಕೊಂಡು, ಮೆತ್ತನೆಯ ಸ್ಪಂಜ್ ಪ್ಯಾಡ್‌ನಿಂದ ಕೈಯಲ್ಲೇ ಉಜ್ಜಿ. ಮೊದಲು ಕಾಣದ ಮೂಲೆಯಲ್ಲಿ ಮಾಡಿ ನೋಡಿ. ಕೂದಲೆಳೆ ಗೆರೆಗಳು ಬಹುಪಾಲು ಹೋಗುತ್ತವೆ. ಉಗುರಿಗೆ ಸಿಗುವಂಥದ್ದು ಹೋಗುವುದಿಲ್ಲ, ಅದನ್ನು ಹಿಂಬಾಲಿಸಿ ಪದರ ಸವೆಸಬೇಡಿ. ಗುಂಡಿಗಳ ಸಂದಿಗೆ ಪಾಲಿಶ್ ಹೋಗದ ಹಾಗೆ ಟೇಪ್ ಹಾಕಿ.

ಆ ಗೆರೆಗಳು ಬಂದದ್ದು ಒಣ ಬಟ್ಟೆಯಿಂದ. ಒಳಗೆ ಕೂತ ಧೂಳನ್ನು ಕೈಗೆ ಸಿಕ್ಕ ಹಳದಿ ಬಟ್ಟೆಯಲ್ಲಿ ದಿನಾ ಒರೆಸಿದರೆ ಯಾವ ಹೊಸ ಗಾಡಿಯಲ್ಲೂ ಬೇಗನೆ ಹೀಗೇ ಆಗುತ್ತದೆ. ಮೊದಲು ಮೆತ್ತನೆಯ ಬ್ರಷ್‌ನಿಂದ ಧೂಳು ಹಾರಿಸಿ, ಆಮೇಲೆ ಒದ್ದೆ ಮೈಕ್ರೋಫೈಬರ್ ಬಟ್ಟೆಯಿಂದ ಭಾರ ಹಾಕದೆ ಸವರಿ. ಪಾಲಿಶ್ ಆದ ಮೇಲೆ ಮೇಲೊಂದು ಪಾರದರ್ಶಕ ಪಿಪಿಎಫ್, ಅಂದರೆ ಪೇಂಟ್ ಕಾಪಾಡಲು ಅಂಟಿಸುವ ಫಿಲ್ಮ್, ಹಾಕಿಸಿಕೊಳ್ಳಬಹುದು. ನುಣುಪು ಮೈಗೆ ಅದು ಚೆನ್ನಾಗಿ ಅಂಟುತ್ತದೆ. ಅದೇ ಫಿಲ್ಮನ್ನು ಹೊರಗಿನ ಒರಟು ಪ್ಲಾಸ್ಟಿಕ್‌ಗೂ ಹಾಕುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅಲ್ಲಿ ಅದು ಸರಿಯಾಗಿ ಹಿಡಿಯುವುದಿಲ್ಲ. ಅಂಚು ಎದ್ದು ಒಳಗೆ ಕೆಸರು ಸೇರುತ್ತದೆ.